ಮೆತ್ತಗಿನ ಊಟದ ಮೇಲೆ ನನ್ನ ತಕರಾರು

ನಮಸ್ಕಾರ. ತೂಕ ಇಳಿಸಲೆಂದು ಶಸ್ತ್ರಚಿಕಿತ್ಸೆ ಮಾಡಿಸಿ ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರು ಬದುಕಿರುವಷ್ಟು ದಿನವೂ ಗಂಜಿ, ಇಡ್ಲಿ, ಪಾಯಸಗಳಂಥ ಮೆತ್ತಗಿನ ಪದಾರ್ಥಗಳನ್ನೇ ತಿಂದುಕೊಂಡಿರಬೇಕು ಎಂಬ ನಂಬಿಕೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಬೇರೂರಿದೆ. ಇವತ್ತು ನಾನು ಮಾತನಾಡುವುದು ಆ ನಂಬಿಕೆಯ ವಿರುದ್ಧ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ವಾರಗಳನ್ನು ಬಿಟ್ಟರೆ ಬ್ಯಾಂಡ್ ಇರುವವರಿಗೆ ಬೇಕಾದುದು ಚೆನ್ನಾಗಿ ಅಗಿದು ತಿನ್ನುವ ಗಟ್ಟಿ ಆಹಾರ. ನಾವು ಅಕ್ಕರೆಯಿಂದ ಬಡಿಸುವ ಮೆತ್ತಗಿನ ಪದಾರ್ಥಗಳೇ ಅವರ ಚಿಕಿತ್ಸೆಯನ್ನು ಒಳಗಿಂದೊಳಗೆ ಕೆಡಿಸುತ್ತಿವೆ. ನಾನು ವೈದ್ಯೆಯಲ್ಲ, ಡೊಂಬಿವಲಿಯಲ್ಲಿರುವ ನನ್ನ ಭಾವನವರು ಬಹಳ ವರ್ಷಗಳಿಂದ ಬ್ಯಾಂಡ್ ಇಟ್ಟುಕೊಂಡೇ ಬದುಕುತ್ತಿರುವುದನ್ನು ಹತ್ತಿರದಿಂದ ಕಂಡವಳು, ಮತ್ತು ಆ ಕಾರಣಕ್ಕಾಗಿಯೇ ಈ ವಿಷಯವನ್ನು ಓದಿ ತಿಳಿದುಕೊಂಡವಳು.

ಮೊದಲು ಬ್ಯಾಂಡ್ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಿರಲಿ. ಜಠರದ ಮೇಲ್ಭಾಗಕ್ಕೆ, ಅನ್ನನಾಳ ಬಂದು ಸೇರುವ ಜಾಗಕ್ಕಿಂತ ತುಸು ಕೆಳಗೆ, ಸಿಲಿಕೋನ್‌ನ ಒಂದು ಪಟ್ಟಿಯನ್ನು ಸುತ್ತಿ ಕೂರಿಸುತ್ತಾರೆ. ಪಟ್ಟಿಯ ಮೇಲೆ ಉಳಿಯುವ ಪುಟ್ಟ ಚೀಲದಲ್ಲಿ ಹಿಡಿಸುವುದು ಹೆಚ್ಚೆಂದರೆ 15ರಿಂದ 30 ಮಿಲಿಲೀಟರ್. ಪಟ್ಟಿಯ ಒಳಮೈಯಲ್ಲಿ ಬಲೂನಿನಂಥ ಒಂದು ಪದರವಿದ್ದು, ಅದರಿಂದ ಹೊರಟ ಸಣ್ಣ ನಳಿಕೆಯು ಹೊಟ್ಟೆಯ ಚರ್ಮದ ಅಡಿಯಲ್ಲಿರುವ ಪುಟ್ಟ ಬಿಲ್ಲೆಯಂಥ ಪೋರ್ಟ್‌ಗೆ ಸೇರಿರುತ್ತದೆ. ಆ ಪೋರ್ಟ್‌ಗೆ ಸೂಜಿ ಚುಚ್ಚಿ ಸಲೈನ್ ಎಂಬ ಉಪ್ಪುನೀರು ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ಅದನ್ನು ಹೊರಕ್ಕೆ ಎಳೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದೂ ಇಲ್ಲ, ಕರುಳಿನ ದಾರಿಯನ್ನು ಬದಲಿಸುವುದೂ ಇಲ್ಲ. 1993ರಲ್ಲಿ ಬೆಲ್ಜಿಯಂನಲ್ಲಿ ಮಿತಿಕು ಬೆಲಾಚ್ಯೂ ಎಂಬ ಶಸ್ತ್ರವೈದ್ಯರು ಲ್ಯಾಪರೋಸ್ಕೋಪಿಯ ಮೂಲಕ, ಅಂದರೆ ಸಣ್ಣ ರಂಧ್ರಗಳಿಂದಲೇ, ಇದನ್ನು ಕೂರಿಸಿದರು. 2001ರಲ್ಲಿ ಅಮೆರಿಕದ ಔಷಧ, ವೈದ್ಯಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆಮೇಲೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಮುಂದೆ ಬಂದು ಬ್ಯಾಂಡ್ ಹಿಂದೆ ಸರಿಯಿತು. ಹೊಸದಾಗಿ ಹಾಕಿಸಿಕೊಳ್ಳುವವರು ಕಡಿಮೆಯಾದರೂ ಹಿಂದೆ ಹಾಕಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ, ಮೂರು ಹೊತ್ತು ಉಣ್ಣುತ್ತಿದ್ದಾರೆ. ಈ ಮಾತು ಅವರಿಗಾಗಿ ಮತ್ತು ಅವರಿಗೆ ಅಡುಗೆ ಮಾಡಿ ಹಾಕುವವರಿಗಾಗಿ. ಸ್ಲೀವ್ ಅಥವಾ ಕರುಳಿನ ದಾರಿಯನ್ನು ಬದಲಿಸುವ ಬೈಪಾಸ್ ಮಾಡಿಸಿಕೊಂಡವರು ದಯವಿಟ್ಟು ತಮ್ಮ ವೈದ್ಯರ ಸೂಚನೆಯನ್ನೇ ಪಾಲಿಸಬೇಕು, ಏಕೆಂದರೆ ಅಲ್ಲಿ ಒಳಗಿನ ರಚನೆಯೇ ಬೇರೆ.

ಬ್ಯಾಂಡ್ ಕೆಲಸ ಮಾಡುವುದು ಗಟ್ಟಿ ಆಹಾರದ ಮೇಲೆ. ಚೆನ್ನಾಗಿ ಅಗಿದು ನುಂಗಿದ ಒಂದು ಸಣ್ಣ ತುತ್ತನ್ನು ಅನ್ನನಾಳವು ಹಲವು ಸಲ ಹಿಂಡಿ ಹಿಂಡಿ ಪಟ್ಟಿಯ ಕಿರಿದಾದ ದಾರಿಯಿಂದ ಕೆಳಕ್ಕೆ ತಳ್ಳುತ್ತದೆ. ಹಾಗೆ ತಳ್ಳುವಾಗ ಜಠರದ ಗೋಡೆಯ ಮೇಲೆ ಬೀಳುವ ಒತ್ತಡದ ಸುದ್ದಿ ನರಗಳ ಮೂಲಕ ಮಿದುಳಿಗೆ ತಲುಪಿ, ಸ್ವಲ್ಪದರಲ್ಲಿಯೇ ಸಾಕು ಎನ್ನಿಸುತ್ತದೆ. ಒಂದು ತುತ್ತು ಹೀಗೆ ಇಳಿಯಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುವುದರಿಂದಲೇ ಒಂದು ತುತ್ತಿಗೆ ಒಂದು ನಿಮಿಷ ಎಂಬ ನಿಯಮ ಬಂದಿದೆ. ಪಾಯಸ, ಐಸ್‌ಕ್ರೀಮ್, ಚಿಕ್ಕೂ ಮಿಲ್ಕ್‌ಶೇಕ್, ಬಾಯಲ್ಲಿಟ್ಟರೆ ಕರಗುವ ಚಾಕೊಲೇಟ್ ಇವುಗಳಿಗೆ ಆ ಪಟ್ಟಿ ಇದ್ದದ್ದೂ ಗೊತ್ತಾಗುವುದಿಲ್ಲ, ಸಲೀಸಾಗಿ ಜಾರಿ ಹೋಗುತ್ತವೆ. ಎರಡು ಚಪಾತಿ ತಿನ್ನಲಾಗದ ಮನುಷ್ಯ ದೊಡ್ಡ ಲೋಟದ ಮಿಲ್ಕ್‌ಶೇಕ್ ಕುಡಿದು ಮುಗಿಸಬಲ್ಲ. ಆರು ತಿಂಗಳ ನಂತರ ತೂಕದ ಯಂತ್ರದ ಮೇಲೆ ನಿಂತು, ಊಟವನ್ನೇ ಮಾಡುತ್ತಿಲ್ಲ, ಆದರೂ ತೂಕ ಇಳಿಯುತ್ತಿಲ್ಲ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ.

ಹಾಗಾದರೆ ಮೆತ್ತಗಿನ ಆಹಾರದ ನಂಬಿಕೆ ಬಂದದ್ದೆಲ್ಲಿಂದ? ಆಸ್ಪತ್ರೆಯ ಚೀಟಿಯಿಂದ. ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ಒಂದೆರಡು ವಾರ ದ್ರವ, ಅನಂತರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಐದಾರನೆಯ ವಾರದ ಹೊತ್ತಿಗೆ ಗಟ್ಟಿ ಆಹಾರ ಎಂಬ ಕ್ರಮವಿದೆ. ಪಟ್ಟಿ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರಲಿ ಎಂಬುದು ಅದರ ಉದ್ದೇಶ. ನಮ್ಮ ಮನೆಗಳಲ್ಲಿ ಆ ಚೀಟಿ ಫ್ರಿಜ್‌ನ ಬಾಗಿಲಿಗೆ ಅಂಟಿಕೊಂಡದ್ದು ಅಲ್ಲಿಯೇ ಉಳಿದು, ಐದು ವಾರದ ಪಥ್ಯ ಐದು ವರ್ಷದ ಅಭ್ಯಾಸವಾಗುತ್ತದೆ. ಹುಷಾರಿಲ್ಲದವರಿಗೆ ಗಂಜಿ ಎಂಬ ನಮ್ಮ ಹಳೆಯ ರೂಢಿಯೂ ಇದರ ಜೊತೆ ಸೇರಿಕೊಳ್ಳುತ್ತದೆ. ಬ್ಯಾಂಡ್ ಹಾಕಿಸಿಕೊಂಡು ಚೇತರಿಸಿಕೊಂಡವರು ರೋಗಿಗಳಲ್ಲ ಎಂಬುದು ಮನೆಯ ಹಿರಿಯರ ತಲೆಗೆ ಹೋಗುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಊಟದ ಕ್ರಮದಲ್ಲಿಯೇ ಇದೆ, ಮತ್ತು ಇದನ್ನು ಯಾವ ಇಂಗ್ಲಿಷ್ ಡಯಟ್ ಪಟ್ಟಿಯೂ ನಮಗೆ ಹೇಳಿಕೊಡುವುದಿಲ್ಲ. ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲಿ 1942ರಿಂದ ನಡೆದು ಬಂದಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಕುಳಿತರೂ, ನಮ್ಮ ಯಾವುದೇ ಸಂಘದ ಸತ್ಯನಾರಾಯಣ ಪೂಜೆಯ ಪಂಕ್ತಿಯಲ್ಲಿ ಕುಳಿತರೂ ನಮ್ಮ ಊಟದ ನಡು ಅನ್ನವೇ, ಅನ್ನಕ್ಕೆ ಜೊತೆ ಸಾರು, ಹುಳಿ, ಕೊನೆಗೆ ಮೊಸರು ಅಥವಾ ಮಜ್ಜಿಗೆ. ಎಲೆಯ ಮೇಲಿನ ತುದಿಯಲ್ಲಿ ಒಂದು ಚಮಚದಷ್ಟು ಹೆಸರುಬೇಳೆ ಕೋಸಂಬರಿ, ಇನ್ನೊಂದು ಚಮಚ ಕಡಲೆ ಉಸಲಿ. ಬ್ಯಾಂಡ್ ಇರುವವರ ಹಸಿವು ಮೊದಲ ಹದಿನೈದು ಇಪ್ಪತ್ತು ತುತ್ತಿನಲ್ಲಿ ತೀರಿಹೋಗುವುದರಿಂದ, ಮೊದಲು ಬಡಿಸಿದ್ದೇ ಅವರ ಊಟ. ಅವರ ಪಾಲಿಗೆ ಊಟವೆಂದರೆ ಅನ್ನ ಮತ್ತು ಸಾರಿನ ನೀರು ಎಂದಾಗಿ, ಪ್ರೊಟೀನ್ ಇರುವ ಮೊಸರು ಬರುವಷ್ಟರಲ್ಲಿ ಕೈ ತೊಳೆಯುವ ಹೊತ್ತಾಗಿರುತ್ತದೆ. ಸಾಲದ್ದಕ್ಕೆ ಊಟದ ನಡುವೆ ದ್ರವ ಕುಡಿಯಬಾರದು, ಮುಗಿದ ಮೇಲೂ ಅರ್ಧ ಗಂಟೆ ತಡೆಯಬೇಕು ಎಂಬ ನಿಯಮವಿರುವಾಗ, ನಮ್ಮಲ್ಲಿ ದ್ರವವನ್ನು ಅನ್ನಕ್ಕೆ ಕಲಸಿಯೇ ಉಣ್ಣುತ್ತೇವೆ. ಕಲಸಿದ ಅನ್ನವನ್ನು ಅಗಿಯುವವರು ಯಾರಿದ್ದಾರೆ? ಅದು ನುಂಗುವ ಊಟ.

ಆದ್ದರಿಂದ ಎಲೆಯನ್ನು ತಲೆಕೆಳಗು ಮಾಡಬೇಕು ಎನ್ನುವುದು ನನ್ನ ವಾದ. ಕೋಸಂಬರಿ, ಉಸಲಿ, ಪಲ್ಯಗಳು ತುದಿಯಿಂದ ನಡುವಿಗೆ ಬರಲಿ. ಅನ್ನ ತುದಿಗೆ ಹೋಗಲಿ. ಸಾರು ಬೇಕಿದ್ದರೆ ಊಟಕ್ಕೆ ಎಷ್ಟೋ ಮೊದಲು ಲೋಟದಲ್ಲಿ ಕುಡಿಯಲಿ. ಮಜ್ಜಿಗೆಯನ್ನು ಎರಡು ಊಟಗಳ ನಡುವಿನ ಬಾಯಾರಿಕೆಗೆ ಇಟ್ಟುಕೊಳ್ಳಲಿ. ಸಂಪ್ರದಾಯಸ್ಥರು ಬೈಯಬಹುದು, ಬೈಯಲಿ.

ಪ್ರೊಟೀನ್‌ನ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ವಿಷಯ ಮನವರಿಕೆಯಾಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಇಡ್ಲಿಯಲ್ಲಿ ಸಿಗುವುದು ಸುಮಾರು 2 ಗ್ರಾಂ. ಎರಡು ಇಡ್ಲಿಗೇ ಹೊಟ್ಟೆ ತುಂಬುವವರು ಇಡ್ಲಿಯನ್ನೇ ನೆಚ್ಚಿಕೊಂಡರೆ ಆ ಅಂಕಿಯ ಹತ್ತಿರವೂ ಸುಳಿಯಲಾರರು; ತೂಕ ಇಳಿದರೂ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುತ್ತದೆ. ಅದೇ ಎರಡು ಮೊಟ್ಟೆಯಲ್ಲಿ 12 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20, 100 ಗ್ರಾಂ ಪನೀರ್‌ನಲ್ಲಿ 18ರ ಆಸುಪಾಸು. ಮೀನು ಮೊಟ್ಟೆ ಮುಟ್ಟದವರಿಗೆ ಸೋಯಾ ಇದೆ: 30 ಗ್ರಾಂ ಒಣ ಸೋಯಾ ತುಣುಕಿನಲ್ಲಿ 15 ಗ್ರಾಂನಷ್ಟು ಪ್ರೊಟೀನ್ ಇದ್ದು, ಅದನ್ನು ನೆನೆಸಿ, ಹಿಂಡಿ, ಪುಡಿ ಮಾಡಿ ಪಲ್ಯಕ್ಕೆ ಸೇರಿಸಿದರೆ ಬೇರೆ ಕೀಮಾ ಬೇಕಾಗುವುದಿಲ್ಲ. ಇದರ ಜೊತೆಗೆ ವೈದ್ಯರು ಬರೆದುಕೊಟ್ಟ ವಿಟಮಿನ್ ಮಾತ್ರೆಗಳನ್ನು ಬಿಡಬಾರದು. ಅಷ್ಟು ಸಣ್ಣ ಊಟದಿಂದ ಎಲ್ಲವೂ ಸಿಗುವುದಿಲ್ಲ.

ಇನ್ನು ಮುಂಬಯಿಯ ತಿಂಡಿಗಳ ಕಡೆಗೆ ಬರೋಣ, ಏಕೆಂದರೆ ಮನೆಯಲ್ಲಿ ಶಿಸ್ತಾಗಿರುವವರೂ ಸಿಕ್ಕಿಬೀಳುವುದು ಸ್ಟೇಷನ್ನಿನಲ್ಲಿ. ವಡಾಪಾವ್‌ನಲ್ಲಿ ತೊಂದರೆ ಕೊಡುವುದು ವಡೆಗಿಂತ ಹೆಚ್ಚಾಗಿ ಪಾವ್. ತಾಜಾ ಪಾವ್ ಎಷ್ಟು ಮೃದುವಾಗಿದ್ದರೂ ಎಂಜಲು ಸೇರಿದೊಡನೆ ಹಿಟ್ಟಿನ ಮುದ್ದೆಯಾಗಿ ಪಟ್ಟಿಯ ಬಾಯಲ್ಲಿ ಕಚ್ಚಿಕೊಳ್ಳುತ್ತದೆ. ಅದನ್ನೇ ಒಡೆದು, ತವದ ಮೇಲೆ ಎರಡೂ ಕಡೆ ಗರಿಗರಿಯಾಗುವಂತೆ ಕಾಯಿಸಿದರೆ ಹಲವರಿಗೆ ಇಳಿಯುತ್ತದೆ. ಮುದ್ದೆಯಾದ ಬಿಳಿ ಅನ್ನಕ್ಕೂ ಏಕಾದಶಿಯ ಸಾಬೂದಾಣಾ ಖಿಚಡಿಗೂ ಇದೇ ಗುಣವಿದೆ, ಸಾಬೂದಾಣಾದಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನೂ ಇಲ್ಲ. ನಾರಿನ ಪದಾರ್ಥಗಳಲ್ಲಿ ದಂಟು, ನುಗ್ಗೆಯ ಸಿಪ್ಪೆ, ಕಿತ್ತಳೆಯ ತೊಳೆಯ ಪೊರೆ, ಪಲ್ಯದ ಮೇಲೆ ಉದುರಿಸಿದ ಕಾಯಿತುರಿ ಇವೆಲ್ಲ ಸಿಕ್ಕಿಕೊಳ್ಳಬಲ್ಲವು. ಅದೇ ಕಾಯಿಯನ್ನು ನುಣ್ಣಗೆ ರುಬ್ಬಿದರೆ ಆ ಭಯವಿಲ್ಲ, ಕ್ಯಾಲರಿಯ ಲೆಕ್ಕ ಮಾತ್ರ ಉಳಿಯುತ್ತದೆ. ಕೋಳಿಯ ಎದೆಯ ಒಣ ತುಂಡು ಕಷ್ಟ. ಮೀನಿನ ವಿಷಯದಲ್ಲಿ ನಮ್ಮ ಕರಾವಳಿಯವರ ಅದೃಷ್ಟ ದೊಡ್ಡದು: ಕಾಣೆ, ಬಂಗುಡೆಗಳ ಮಾಂಸ ಎಳೆಎಳೆಯಾಗಿ ಬಿಡುವುದರಿಂದ ಅಗಿಯಲು ಸುಲಭ, ಪ್ರೊಟೀನ್ ಭರ್ತಿ. ಸೋಡಾ, ಕೋಲಾಗಳು ಬೇಡವೇ ಬೇಡ.

ಈ ಊರಿನಲ್ಲಿ ಪದಾರ್ಥಕ್ಕಿಂತ ಕೆಟ್ಟದ್ದು ಅವಸರ. ಸಂಜೆ ದಾದರಿನಲ್ಲಿ ಫಾಸ್ಟ್ ಲೋಕಲ್ ಬರುವ ಮೂರು ನಿಮಿಷದೊಳಗೆ ಏನನ್ನಾದರೂ ಬಾಯಿಗೆ ತುರುಕಿಕೊಳ್ಳುವ ಚಟ ಬ್ಯಾಂಡ್ ಇಲ್ಲದವರಿಗೇ ಒಳ್ಳೆಯದಲ್ಲ. ಇರುವವರಿಗೆ ಎದೆಯ ನಡುವೆ ಕಲ್ಲು ಕೂತಂಥ ನೋವು ಶುರುವಾಗಿ, ಬಾಯಿ ತುಂಬ ಜೊಲ್ಲು ಬಂದು, ಗಾಡಿಯ ಜನಸಂದಣಿಯಲ್ಲಿ ವಾಂತಿಗೆ ಜಾಗ ಹುಡುಕುವ ಪಾಡು. ನನ್ನ ಭಾವನವರು ಆಫೀಸಿನಿಂದ ಹೊರಡುವ ಮೊದಲೇ, ಐದು ಗಂಟೆಗೆ, ಡಬ್ಬಿಯಲ್ಲಿರುವ ಪನೀರ್ ತುಂಡುಗಳನ್ನೋ ಒಂದು ಬೇಯಿಸಿದ ಮೊಟ್ಟೆಯನ್ನೋ ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ತಿಂದು ಮುಗಿಸುತ್ತಾರೆ. ಪ್ಲಾಟ್‌ಫಾರ್ಮಿನ ವಾಸನೆಗೆ ಅವರು ಜಗ್ಗದಿರುವುದರ ಗುಟ್ಟು ಮನೋಬಲದಲ್ಲಿ ಇಲ್ಲ, ಆ ಡಬ್ಬಿಯಲ್ಲಿದೆ.

ಅವರಿಗೆ ಸಾಕು ಎಂಬ ಸೂಚನೆ ಬರುವ ಬಗೆ ವಿಚಿತ್ರ. ಮೂಗು ಸೋರಲು ಶುರುವಾಗುತ್ತದೆ. ಬ್ಯಾಂಡ್ ಇರುವ ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಒಂದು ನಿಟ್ಟುಸಿರು. ಹೋದ ಗಣೇಶ ಚೌತಿಯ ದಿನ ನಮ್ಮ ಅತ್ತೆಯವರು ಸೌಟು ಹಿಡಿದು ಬಂದಾಗ ಭಾವನವರು ಕರವಸ್ತ್ರ ತೆಗೆದು ಮೂಗೊರೆಸಿಕೊಳ್ಳುತ್ತಿದ್ದರು. "ಇದು ಮೆತ್ತಗಿದೆ, ಗಂಟಲಲ್ಲಿ ನಿಲ್ಲುವುದಿಲ್ಲ, ದೇವರ ಪ್ರಸಾದ ಬೇಡ ಅನ್ನಬಾರದು" ಎನ್ನುತ್ತ ಅತ್ತೆಯವರು ಹೆಸರುಬೇಳೆ ಪಾಯಸವನ್ನು ಎಲೆಗೆ ಹಾಕಿಯೇಬಿಟ್ಟರು. ಗಂಟಲಲ್ಲಿ ನಿಲ್ಲುವುದಿಲ್ಲ ಎಂಬುದೇ ಅದರ ದೋಷ ಎಂದು ಅವರಿಗೆ ಹೇಳುವವರಾರು? ಭಾವನವರು ಬೆರಳ ತುದಿಯಿಂದ ಒಂದಿಷ್ಟು ಬಾಯಿಗಿಟ್ಟು, ಎಲೆ ಮಡಚಿ ಎದ್ದರು. ಅತ್ತೆಯವರು ರಾತ್ರಿಯವರೆಗೂ ಮುಖ ಸಿಂಡರಿಸಿಕೊಂಡಿದ್ದರು. ನಮ್ಮಲ್ಲಿ ಉಪಚಾರವೆಂದರೆ ಬೇಡವೆಂದವರಿಗೆ ಮತ್ತೆ ಬಡಿಸುವುದು. ಎದುರಿನವರ ಬೇಡವನ್ನು ಸಂಕೋಚವೆಂದು ತಿಳಿಯುವ ಈ ಪದ್ಧತಿಯನ್ನು ಬ್ಯಾಂಡ್ ಇರುವವರ ಮಟ್ಟಿಗಾದರೂ ಕೈಬಿಡಬೇಕು. ಹೆಂಗಸರಿಗೆ ಇದು ಇನ್ನೂ ಕಷ್ಟ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕೂರುವ ಸೊಸೆಗೆ ತುತ್ತಿಗೊಂದು ನಿಮಿಷ ಕೊಡುವ ಪುರುಸೊತ್ತು ಯಾವ ಮನೆಯಲ್ಲಿದೆ? ಪಾತ್ರೆ ತೊಳೆಯುವವಳು ಬರುವ ಮೊದಲು ಊಟ ಮುಗಿಯಬೇಕೆಂಬ ಗಡಿಬಿಡಿಯಲ್ಲಿ ಅವಳೂ ಮಜ್ಜಿಗೆ ಅನ್ನವನ್ನು ಸುರಿದುಕೊಳ್ಳುತ್ತಾಳೆ.

ಈಗ ಅತಿ ಮುಖ್ಯವಾದ ಮಾತು. ಬ್ಯಾಂಡ್ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದೆಂದು ತಿಳಿದು, ತೂಕ ನಿಂತಾಗಲೆಲ್ಲ ಇನ್ನಷ್ಟು ಸಲೈನ್ ತುಂಬಿಸಿಕೊಳ್ಳಲು ಹೋಗುವವರಿದ್ದಾರೆ. ಅತಿಯಾಗಿ ಬಿಗಿದ ಪಟ್ಟಿಯಲ್ಲಿ ಚಪಾತಿ, ಕೋಳಿ, ತರಕಾರಿ ಯಾವುದೂ ಇಳಿಯದೆ, ಇಳಿಯುವ ಮೆತ್ತಗಿನ ಸಿಹಿಯ ಕಡೆಗೆ ಕೈ ತಾನಾಗಿಯೇ ಹೋಗುತ್ತದೆ ಮತ್ತು ಬಿಗಿ ಅತಿಯಾದರೆ ತೂಕ ಇಳಿಯುವ ಬದಲು ಏರಲೂಬಹುದು. ನನಗೆ ಮೆತ್ತಗಿನದೇ ಸೇರುತ್ತದೆ ಎಂದು ಮನೆಯವರು ಯಾರಾದರೂ ಹೇಳಿದರೆ ಅದನ್ನು ಅವರ ರುಚಿಯೆಂದು ತಿಳಿಯಬೇಡಿ. ಪಟ್ಟಿ ಬಿಗಿಯಾಗಿರಬಹುದು, ಸಲೈನ್ ಸ್ವಲ್ಪ ತೆಗೆಸಬೇಕಾಗಬಹುದು. ರಾತ್ರಿ ಮಲಗಿದಾಗ ಕೆಮ್ಮು, ಹುಳಿತೇಗು, ಮತ್ತೆ ಮತ್ತೆ ವಾಂತಿ ಇವೂ ಅದೇ ಕಡೆ ಬೆರಳು ಮಾಡುತ್ತವೆ. ಪದೇಪದೇ ವಾಂತಿಯಾದರೆ ಪಟ್ಟಿ ಜಾಗ ಬಿಟ್ಟು ಸರಿಯುವ ಅಪಾಯವಿದೆ, ಥಯಾಮಿನ್ ಎಂಬ ವಿಟಮಿನ್ ಕೊರತೆಯಾಗಿ ನರಗಳಿಗೆ ಪೆಟ್ಟು ಬೀಳುವ ಅಪಾಯವೂ ಇದೆ. ಸಿಕ್ಕಿಕೊಂಡ ತುತ್ತನ್ನು ನೀರು ಕುಡಿದು ಕೆಳಗಿಳಿಸಲು ಹೋಗಬಾರದು. ನೀರೇ ಇಳಿಯುತ್ತಿಲ್ಲ ಎಂದರೆ ಜೀರಿಗೆ ಕಷಾಯ ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಮುಂಬಯಿ ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಂದರೆಯಿದೆ. ನಿವೃತ್ತರಾದ ಮೇಲೆ ನಮ್ಮಲ್ಲಿ ಬಹಳ ಮಂದಿ ಊರು ಸೇರುತ್ತಾರೆ, ಇಲ್ಲವೆ ವರ್ಷದ ಅರ್ಧವನ್ನು ಊರಿನಲ್ಲಿ ಕಳೆಯುತ್ತಾರೆ. ಬ್ಯಾಂಡ್‌ನ ಪೋರ್ಟ್‌ಗೆ ಸೂಜಿ ಹಾಕಲು ಅದರದೇ ಸೂಜಿಯೂ ಪಳಗಿದ ಕೈಯೂ ಬೇಕು, ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮ್‌ನಲ್ಲಿ ಅವೆರಡೂ ಸಿಗುತ್ತವೆಂಬ ಭರವಸೆಯಿಲ್ಲ. ರೈಲು ಹತ್ತುವ ಮೊದಲು ಒಮ್ಮೆ ತಪಾಸಣೆ ಮಾಡಿಸಿಕೊಂಡು, ಯಾವ ಕಂಪನಿಯ ಬ್ಯಾಂಡ್, ಯಾವ ವರ್ಷ ಹಾಕಿದ್ದು, ಈಗ ಒಳಗೆ ಎಷ್ಟು ಮಿಲಿಲೀಟರ್ ಸಲೈನ್ ಇದೆ ಎಂಬುದನ್ನು ವೈದ್ಯರಿಂದ ಒಂದು ಕಾಗದದಲ್ಲಿ ಬರೆಸಿಕೊಂಡು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಊರಿನಲ್ಲಿ ನಿಮ್ಮನ್ನು ಅವಸರದಲ್ಲಿ ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.