ಸೀನಿಯರ್ ಇಯರ್‌ಗೆ ಯಾವ ಸೈನ್ಸ್ ತಗೊಳ್ಳಬೇಕು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ಹೈಸ್ಕೂಲಿನಲ್ಲಿ ಹನ್ನೊಂದನೇ ಗ್ರೇಡಿನ ಮಕ್ಕಳು ಮುಂದಿನ ವರ್ಷದ, ಅಂದರೆ ಕೊನೆಯ ಸೀನಿಯರ್ ಇಯರ್‌ನ, ಕೋರ್ಸ್ ಫಾರಂ ತುಂಬುವ ಹೊತ್ತು ಇದು. ಸೈನ್ಸ್ ಅಂತ ಇರುವ ಕಡೆ ಏನು ಬರೆಯಬೇಕು? ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಫಿಸಿಕ್ಸಾ, ಕೆಮಿಸ್ಟ್ರಿಯಾ, ಬಯಾಲಜಿಯಾ? ಇದನ್ನೇ ಮಾತಾಡಿ ಅಂತ ಕೂಟದವರು ಕೇಳಿದರು. ನಾನು ಇಲ್ಲಿನ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಫಿಸಿಕ್ಸ್ ಕಲಿಸುತ್ತೇನೆ. ಹೈಸ್ಕೂಲಿನ ಆಯ್ಕೆ ಮಕ್ಕಳನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಅನ್ನುವುದನ್ನು ದಿನಾ ನೋಡುತ್ತೇನೆ.

ಮೊದಲು ಅಪ್ಪ ಅಮ್ಮಂದಿರಿಗೆ. ನಮ್ಮಲ್ಲಿ ಬಹಳ ಜನ ಪಿಸಿಎಂಬಿ, ಪಿಸಿಎಂಸಿ ಓದಿ ಬಂದವರು. ಅಲ್ಲಿ ಪರೀಕ್ಷೆ ಮೊದಲು, ಸೀಟು ಆಮೇಲೆ. ಸಿಇಟಿ ರ‍್ಯಾಂಕ್ ಬರುವವರೆಗೂ ಮನೆಯಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಇಲ್ಲಿ ಸೀನಿಯರ್ ಇಯರ್‌ನಲ್ಲಿ ಇದು ತಲೆಕೆಳಗು. ಅರ್ಜಿ ಹಾಕುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ. ಮಾರ್ಚ್ ಮುಗಿಯುವ ಹೊತ್ತಿಗೆ ಬಹುತೇಕ ಉತ್ತರ ಬಂದಿರುತ್ತದೆ. ಯಾವ ಕಾಲೇಜಿಗೆ ಸೇರುತ್ತೀರಿ ಅಂತ ಸಾಮಾನ್ಯವಾಗಿ ಮೇ 1ರೊಳಗೆ ಹೇಳಬೇಕು. ಎಪಿ ಪರೀಕ್ಷೆ ನಡೆಯುವುದೇ ಮೇ ತಿಂಗಳಲ್ಲಿ, ಸ್ಕೋರ್ ಬರುವುದು ಜುಲೈಯಲ್ಲಿ. ಆ ವರ್ಷ ಎಪಿಯಲ್ಲಿ ಬರುವ 5, ಅಂದರೆ ಅತಿ ಹೆಚ್ಚಿನ ಸ್ಕೋರ್, ನೋಡಿ ಯಾರೂ ಸೀಟು ಕೊಡುವುದಿಲ್ಲ, ಅಲ್ವಾ?

ಹಾಗಂತ ಹಗುರವಾದ ಕೋರ್ಸ್ ತಗೊಂಡು ಆರಾಮಾಗಿರಿ ಅಂತ ನಾನು ಹೇಳುವುದಿಲ್ಲ. ಯಾವ ಕೋರ್ಸ್ ಓದುತ್ತಿದ್ದೀರಿ ಅನ್ನುವುದು ಅರ್ಜಿಯಲ್ಲಿ ಇರುತ್ತದೆ. ವರ್ಷದ ನಡುವಿನ ಗ್ರೇಡನ್ನೂ ಬಹಳ ಕಾಲೇಜುಗಳು ತರಿಸಿಕೊಳ್ಳುತ್ತವೆ. ಗ್ರೇಡ್ ತೀರಾ ಕುಸಿದರೆ ಕೊಟ್ಟ ಸೀಟು ವಾಪಸ್ ಹೋಗುವುದೂ ಉಂಟು. ಆದರೆ ಸ್ಕೋರಿನ ಭಯವಂತೂ ಇಲ್ಲ. ಹಾಗಿದ್ದಮೇಲೆ ಕಾಲೇಜಿನ ಮೊದಲ ಸೆಮಿಸ್ಟರ್‌ನಲ್ಲಿ ಯಾವುದು ಕೈಹಿಡಿಯುತ್ತದೋ ಅದನ್ನೇ ಆರಿಸಬಹುದಲ್ಲ!

ಎಂಜಿನಿಯರಿಂಗ್ ಅಥವಾ ಫಿಸಿಕ್ಸ್ ಕಡೆ ಹೋಗುವ ಮಕ್ಕಳೇ, ಸ್ವಲ್ಪ ಗಮನ ಕೊಟ್ಟು ಕೇಳಿ. ಎಪಿ ಫಿಸಿಕ್ಸ್ 1 ಮತ್ತು 2ಕ್ಕೆ ಆಲ್ಜೀಬ್ರಾ, ಒಂದಿಷ್ಟು ಟ್ರಿಗೊನೊಮೆಟ್ರಿ ಸಾಕು. ಫಿಸಿಕ್ಸ್ ಸಿಗೆ ಕ್ಯಾಲ್ಕುಲಸ್ ಬೇಕು. ಏನು ವ್ಯತ್ಯಾಸ? ಒಂದು ಕಿಲೋಮೀಟರ್ ಮೇಲಿಂದ ಬೀಳುವ ಮಳೆಹನಿ ತಗೊಳ್ಳಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ 140 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಬೇಕು. ಆ ವೇಗದಲ್ಲಿ ಮಳೆ ಬಂದರೆ ಕೊಡೆ ಉಳಿಯುವುದಿಲ್ಲ. ನಿಜಕ್ಕೂ ದೊಡ್ಡ ಹನಿಯ ವೇಗ ಕೂಡ ಸೆಕೆಂಡಿಗೆ ಸುಮಾರು 9 ಮೀಟರ್ ಅಷ್ಟೇ. ವೇಗ ಹೆಚ್ಚಾದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ತಡೆ ಹನಿಯ ತೂಕಕ್ಕೆ ಸಮ ಆದಾಗ ವೇಗ ಏರುವುದು ನಿಲ್ಲುತ್ತದೆ. ಅಲ್ಲಿಯವರೆಗೆ ಕ್ಷಣಕ್ಷಣಕ್ಕೂ ವೇಗ ಹೇಗೆ ಬದಲಾಯಿತು ಅಂತ ಬರೆಯಲು ಕ್ಯಾಲ್ಕುಲಸ್ ಇಲ್ಲದೆ ಆಗುವುದಿಲ್ಲ. ನಾವು ಕಾಲೇಜಿನಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಕಲಿಸುವುದೂ ಈ ರೀತಿಯ ಫಿಸಿಕ್ಸನ್ನೇ.

ಫಿಸಿಕ್ಸ್ ಸಿಯಲ್ಲಿ ಎರಡು ಕೋರ್ಸ್ ಇವೆ. ಮೆಕ್ಯಾನಿಕ್ಸನ್ನು ಕ್ಯಾಲ್ಕುಲಸ್ ಕಲಿಯುತ್ತಲೇ ಓದಬಹುದು. ಎಲೆಕ್ಟ್ರಿಸಿಟಿ ಮತ್ತು ಮ್ಯಾಗ್ನೆಟಿಸಂಗೆ ಇಂಟಿಗ್ರೇಶನ್ ಚೆನ್ನಾಗಿ ಬಂದಿರಬೇಕು. ಇಲ್ಲದಿದ್ದರೆ ವಿದ್ಯುತ್ ಕ್ಷೇತ್ರ ಲೆಕ್ಕ ಹಾಕುವ ಗಾಸ್ ನಿಯಮದ ಹತ್ತಿರ ಒಳ್ಳೆಯ ಹುಡುಗ ಹುಡುಗಿಯರೂ ಸುಮ್ನೆ ಸೂತ್ರ ಬಾಯಿಪಾಠ ಮಾಡಲು ಶುರುಮಾಡುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಮುಂದಿನ ವರ್ಷವೂ ಕ್ಯಾಲ್ಕುಲಸ್ ಇಲ್ಲ ಅಂದರೆ ಫಿಸಿಕ್ಸ್ 1 ತಗೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಡಾಕ್ಟರ್ ಆಗಬೇಕು ಅನ್ನುವವರ ಮನೆಯಲ್ಲಿ ಕೇಳುವ ಮಾತು ಬೇರೆ. "ಎಪಿ ಬಯಾಲಜಿ ಮಾಡಿದರೆ ಕಾಲೇಜಿನಲ್ಲಿ ಆ ಕ್ಲಾಸ್ ಬಿಟ್ಟುಬಿಡಬಹುದು." ಬಹಳ ಮೆಡಿಕಲ್ ಕಾಲೇಜುಗಳು ಎಪಿ ಕ್ರೆಡಿಟನ್ನು ಹಾಗೆ ಒಪ್ಪುವುದಿಲ್ಲ. ಕಾಲೇಜಿನಲ್ಲೇ ಓದಿರಬೇಕು ಅನ್ನುತ್ತವೆ. ಆದರೂ ತಗೊಳ್ಳಿ. ನಾವು ಪಿಯುಸಿಯಲ್ಲಿ ಚಿತ್ರ ಬಿಡಿಸಿ, ಭಾಗ ಗುರುತಿಸಿ ಓದಿದ ಬಯಾಲಜಿ ಅಲ್ಲ ಇದು. ಪ್ರಯೋಗದ ಅಂಕಿಅಂಶ ಕೊಟ್ಟು "ಇದರಿಂದ ಏನು ಹೇಳಬಹುದು?" ಅಂತ ಕೇಳುತ್ತಾರೆ. ನಿರೀಕ್ಷಿಸಿದ್ದಕ್ಕೂ ಸಿಕ್ಕ ಅಂಕಿಗೂ ಇರುವ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡುವ ಕೈಸ್ಕ್ವೇರ್ ಲೆಕ್ಕವೂ ಬರುತ್ತದೆ. ಓದುವುದು ಜಾಸ್ತಿ, ಬರೆಯುವುದು ಜಾಸ್ತಿ. ಕೆಮಿಸ್ಟ್ರಿಯನ್ನು ಇನ್ನೂ ಮುಟ್ಟಿಲ್ಲದವರು ಮೊದಲು ಅದನ್ನು ಮುಗಿಸಿ. ಜೀವಕೋಶದೊಳಗೆ ನಡೆಯುವುದೆಲ್ಲ ಕೆಮಿಸ್ಟ್ರಿಯೇ.

ಎನ್ವಿರಾನ್ಮೆಂಟಲ್ ಸೈನ್ಸನ್ನು ಸುಲಭ ಅಂತ ಮೂಗು ಮುರಿಯುತ್ತಾರೆ. ಮಣ್ಣು, ನೀರು, ವಿದ್ಯುತ್ ಬಗ್ಗೆ ನಿಜವಾದ ಆಸಕ್ತಿ ಇರುವ ಮಗು ಅದನ್ನು ಕೇಳಿದರೆ ಅಡ್ಡ ಬರಬೇಡಿ.

ಫಾರಂ ತುಂಬುವ ಮುಂಚೆ, ಈ ವರ್ಷ ಅದೇ ಕ್ಲಾಸಿನಲ್ಲಿರುವ ಸೀನಿಯರ್‌ಗಳನ್ನು ಮಾತಾಡಿಸಿ. ಎಪಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗಳಲ್ಲಿ ತರಗತಿಯ ಸಮಯದ ಕನಿಷ್ಠ ಶೇಕಡಾ 25 ಭಾಗ ಪ್ರಯೋಗಕ್ಕೇ ಮೀಸಲಿರಬೇಕು. ಅಷ್ಟು ಲ್ಯಾಬ್ ನಿಜಕ್ಕೂ ನಡೆಯುತ್ತಾ? ಟೀಚರ್ ಪ್ರಶ್ನೆ ಕೇಳಿಸಿಕೊಳ್ಳುತ್ತಾರಾ? ಮನೆಗೆಲಸಕ್ಕೆ ದಿನಾ ಎಷ್ಟು ಹೊತ್ತು ಬೇಕು? ಕೋರ್ಸಿನ ಹೆಸರು ಒಂದೇ ಇದ್ದರೂ ಶಾಲೆಯಿಂದ ಶಾಲೆಗೆ ಕಲಿಸುವ ರೀತಿ ಬಹಳ ಬೇರೆ ಇರುತ್ತದೆ.

ಈಗ ಪ್ರಶ್ನೆಗಳು. ಮೊದಲು ಮಕ್ಕಳು ಕೇಳಲಿ, ಅಪ್ಪ ಅಮ್ಮಂದಿರು ಆಮೇಲೆ.