ನೋಟಿಸ್ ಬಂದರೆ ಉತ್ತರ ಬರೆಯೋಣ

ಎಲ್ಲರಿಗೂ ನಮಸ್ಕಾರ. ಪಂಚಾಯಿತಿ ಸದಸ್ಯರು, ಹಾಲಿನ ಸಂಘದವರು, ಶಾಲೆಯ ಎಸ್‌ಡಿಎಂಸಿ ಸಮಿತಿಯವರು ಎಲ್ಲರೂ ಬಂದಿದ್ದೀರಿ. ಜಮೀನು ಸ್ವಾಧೀನದ ನೋಟಿಸ್ ಬಂದವರೂ ಇಲ್ಲಿ ಕೂತಿದ್ದೀರಿ. ಹಾಗಾಗಿ ಪೀಠಿಕೆ ಬೇಡ.

ನೋಟಿಸಿಗೆ ಸೈನ್ ಹಾಕಿದರೆ ಒಪ್ಪಿದ ಹಾಗೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪೋಸ್ಟ್‌ಮ್ಯಾನ್ ಮುಂಬಾಗಿಲಿಗೆ ಬಂದರೆ ಯಜಮಾನರು ಹಿತ್ತಲಿಂದ ಹೊಲಕ್ಕೆ! ನಗಬೇಡಿ, ಇದರಿಂದ ಜಮೀನು ಹೋಗುತ್ತದೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಆಗಿ ಬಂದ ಟಪಾಲು ಬೇಡ ಅಂದರೂ ಅದು ತಲುಪಿದೆ ಅಂತಲೇ ಕೋರ್ಟು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತದೆ. ಒಳಗೇನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ, ಗಡುವು ಮಾತ್ರ ಓಡುತ್ತಿರುತ್ತದೆ. ಸೈನ್ ಅಂದರೆ ಕಾಗದ ಕೈಸೇರಿತು ಅಂತ, ಅಷ್ಟೇ. ತಾರೀಕು ಹಾಕಿ ಸೈನ್ ಮಾಡಿ. ಆಮೇಲೆ ಉತ್ತರ ಬರೆಯಿರಿ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಎಲ್ಲರಿಗೂ ಗೊತ್ತು, ಅಲ್ವಾ? 13 ಹಳ್ಳಿ, 1,777 ಎಕರೆ. ಏರೋಸ್ಪೇಸ್ ಪಾರ್ಕಿಗೆ ಅಂತ ಕೆಐಎಡಿಬಿ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನೋಟಿಸ್ ಬಂತು. ಅದಕ್ಕೆ ಆಧಾರ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಅದರ ಕಲಂ 28(1)ರಲ್ಲಿ ಮೊದಲ ಅಧಿಸೂಚನೆ. 28(2)ರಲ್ಲಿ ಮಾಲೀಕರಿಗೆ ನೋಟಿಸ್, ಅದು ತಲುಪಿದ 30 ದಿನದೊಳಗೆ ಆಕ್ಷೇಪಣೆ ಕೊಡಬೇಕು. 28(3)ರಲ್ಲಿ ನಿಮ್ಮ ಮಾತು ಕೇಳಬೇಕು. 28(4) ಬಂದರೆ ಅದು ಅಂತಿಮ ಅಧಿಸೂಚನೆ, ಜಮೀನು ಸರ್ಕಾರದ್ದಾಗುತ್ತದೆ. ನಿಮ್ಮ ಮಾತಿಗೆ ಜಾಗ ಇರುವುದು ನಡುವಿನ ಆ ಎರಡು ಹಂತದಲ್ಲಿ. ಆಗ ಸುಮ್ನೆ ಕೂತರೆ ಆಕ್ಷೇಪಣೆಯೇ ಇಲ್ಲ ಅಂತ ಫೈಲ್ ಮುಂದೆ ಹೋಗುತ್ತದೆ.

2022ರ ಏಪ್ರಿಲ್‌ನಲ್ಲಿ ಆ ಊರಿನವರು ಧರಣಿ ಕೂತರು. ಮೂರು ವರ್ಷ ದಾಟಿದರೂ ಏಳಲಿಲ್ಲ. ರಾಗಿ ಬೆಳೆಯುವವರು, ತರಕಾರಿ ಬೆಳೆಯುವವರು, ಹೆಂಗಸರು, ವಯಸ್ಸಾದವರು. ಸರ್ಕಾರ ಬದಲಾಯಿತು, ಅವರು ಬದಲಾಗಲಿಲ್ಲ. 2025ರ ಜೂನ್‌ನಲ್ಲಿ ಪೊಲೀಸರು ಹೋರಾಟಗಾರರನ್ನು ಎಳೆದು ಬಸ್ಸಿಗೆ ತುಂಬಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ನನಗೆ ಅವತ್ತು ಊಟ ಸೇರಲಿಲ್ಲ. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟಿದ್ದೇವೆ, ಇಷ್ಟಪಟ್ಟು ಕೊಡುವವರಿಂದ ಮಾತ್ರ ತೆಗೆದುಕೊಳ್ಳುತ್ತೇವೆ ಅಂದರು. ಧರಣಿಯ ದೊಡ್ಡತನದ ಬಗ್ಗೆ ಎರಡು ಮಾತಿಲ್ಲ. ಆದರೆ ಎಲ್ಲ ಊರಿಗೂ ಮೂರು ವರ್ಷ ಕೂರುವ ಶಕ್ತಿ ಇರುವುದಿಲ್ಲ. ಆಕ್ಷೇಪಣೆ ಬರೆಯುವ ಶಕ್ತಿ ಎಲ್ಲರಿಗೂ ಇದೆ.

ಈಗ ನಮ್ಮ ಜಗಳಕ್ಕೆ ಬರೋಣ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಆದರೂ ಆಕ್ಷೇಪಣೆಗೆ ಸೈನ್ ಕೇಳಲು ಹೋದರೆ ಮೊದಲ ಪ್ರಶ್ನೆ, "ಬರೆದವರು ಯಾವ ಪಾರ್ಟಿ?" ನೋಟಿಸ್ ಸರ್ವೆ ನಂಬರ್ ನೋಡಿ ಬರುತ್ತದೆ ಸ್ವಾಮಿ, ಪಾರ್ಟಿ ನೋಡಿ ಅಲ್ಲ. ಮುಂದಿನ ಚುನಾವಣೆಯಲ್ಲಿ ಎಷ್ಟು ಬೇಕಾದರೂ ಜಗಳ ಆಡಿ. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಮಾತ್ರ ಊರಿನ ಮಾತು ಒಂದೇ ಆಗಿ ದಾಖಲಾಗಲಿ. ಸಭೆ ಮುಗಿದ ಮೇಲೆ ಬರೆದುಕೊಳ್ಳುತ್ತೇವೆ ಅಂದರೆ ಬಿಡಬೇಡಿ. ಅಲ್ಲೇ ಬರೆಸಿ, ಓದಿಸಿ, ನಕಲು ಕೇಳಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಹೇಳುತ್ತೇನೆ. ಶಾಲೆ, ಸಂಘಗಳಿಗೆ ಲೆಕ್ಕ ಕೇಳಿ ಪತ್ರ ಬಂದರೆ ಕಾರ್ಯದರ್ಶಿ ಒಬ್ಬರೇ ಹೆದರಿ ಉತ್ತರ ಕೊಡುವುದು ಬೇಡ. ಸಮಿತಿ ಕೂರಲಿ. ಯಾವ ಕಾನೂನಿನ ಪ್ರಕಾರ ಕೇಳಿದ್ದೀರಿ ಅಂತ ಮರ್ಯಾದೆಯಿಂದಲೇ ಕೇಳಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟ ಪತ್ರದ ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ಕಚೇರಿಯವರು ಆಗಲ್ಲ ಅಂತ ಬಾಯಲ್ಲಿ ಹೇಳಿದರೆ ಹಿಂಬರಹ ಕೊಡಿ, ಅಂದರೆ ಅದನ್ನೇ ಬರೆದು ಕೊಡಿ ಅನ್ನಿ. ಮಾಹಿತಿ ಹಕ್ಕಿನಲ್ಲಿ 30 ದಿನದೊಳಗೆ ಉತ್ತರ ಕೊಡಬೇಕು, ಅರ್ಜಿ ಶುಲ್ಕ 10 ರೂಪಾಯಿ. 

ನೋಟಿಸ್ ಕೈಯಲ್ಲಿ ಹಿಡಿದು ಬಂದವರು ಊಟ ಮುಗಿಸಿ ಹಿಂದಿನ ಕೊಠಡಿಗೆ ಬನ್ನಿ. ಪಹಣಿಯ ನಕಲು ಇದ್ದರೆ ತನ್ನಿ. ಒಟ್ಟಿಗೆ ಕೂತು ಇವತ್ತೇ ಬರೆದು ಮುಗಿಸೋಣ.