ಬಂದವರಿಗೆ ಒಂದು ದಿನ, ಇದ್ದವರಿಗೆ ದಿನವೂ: ಪ್ರವಾಸಿ ಊರಿನ ಬದುಕು

[ದೃಶ್ಯ: ಏರು ರಸ್ತೆ, ಹತ್ತುತ್ತಿರುವ ಚಿಕ್ಕ ಬಸ್ಸು]

ನಮಸ್ಕಾರ. ಸ್ಪೇನಿನ ಬಾರ್ಸಿಲೋನಾದಲ್ಲಿ 116 ನಂಬರಿನ ಒಂದು ಪುಟ್ಟ ಬಸ್ಸಿದೆ. ಗುಡ್ಡದ ಮೇಲಿರುವ ಬಡಾವಣೆಯ ವಯಸ್ಸಾದವರಿಗೆ ಅದೇ ಆಧಾರ. ಅದು ಪ್ರಸಿದ್ಧ ಗುಯೆಲ್ ಪಾರ್ಕಿನ ಪಕ್ಕದಲ್ಲೂ ಹಾದುಹೋಗುತ್ತೆ. ಮೊಬೈಲ್ ಮ್ಯಾಪ್ ಅದೇ ಬಸ್ಸನ್ನು ತೋರಿಸ್ತಿತ್ತು, ಪ್ರವಾಸಿಗರು ಅದನ್ನೇ ಹತ್ತುತ್ತಿದ್ದರು. ಅಲ್ಲಿಯವರಿಗೆ ಕೂರೋದಿರಲಿ, ನಿಲ್ಲೋಕೂ ಜಾಗ ಸಿಗ್ತಿರಲಿಲ್ಲ. ವರ್ಷಗಟ್ಟಲೆ ದೂರು ಕೊಟ್ಟ ಮೇಲೆ, 2024ರಲ್ಲಿ ನಗರಾಡಳಿತ ಈ ಮಾರ್ಗವನ್ನು ಗೂಗಲ್ ಮ್ಯಾಪಿನಿಂದಲೇ ತೆಗೆಸಿತು. ಆಮೇಲೆ ಊರಿನವರಿಗೆ ಮತ್ತೆ ಸೀಟು ಸಿಗತೊಡಗಿತು.

ಇಲ್ಲಿ ಗಮನಿಸಿ, ಆ ಬಸ್ಸು ಹತ್ತಿದ ಪ್ರವಾಸಿಗರು ಯಾವ ಕಾನೂನನ್ನೂ ಮುರಿದಿರಲಿಲ್ಲ. ಟಿಕೆಟ್ ತಗೊಂಡೇ ಹತ್ತಿದ್ದರು. ಆದರೆ ಪ್ರತಿಯೊಬ್ಬರಿಗೂ ಅದು ಒಂದು ಸಲದ ಪ್ರಯಾಣ, ಊರಿನವರಿಗೆ ದಿನನಿತ್ಯದ ಪಾಡು. ಈ ಸಮಸ್ಯೆಯ ಬೇರು ಇರೋದೇ ಇಲ್ಲಿ ಅಂತ ನನಗನ್ನಿಸುತ್ತೆ.

[ದೃಶ್ಯ: ಅಂಗಡಿಯ ಸೂರಿನ ಹಿಂದೆ ಫ್ಯೂಜಿ ಪರ್ವತ]

ಜಪಾನಿನ ಫ್ಯೂಜಿಕಾವಾಗುಚಿಕೊ ಪಟ್ಟಣಕ್ಕೆ ಬನ್ನಿ. ಅಲ್ಲೊಂದು ಅಂಗಡಿ. ಎದುರಿನ ಫುಟ್‌ಪಾತಿನಿಂದ ನೋಡಿದರೆ ಫ್ಯೂಜಿ ಪರ್ವತ ಅಂಗಡಿಯ ತಲೆ ಮೇಲೆ ಕೂತಂತೆ ಕಾಣುತ್ತೆ. ಆ ಫೋಟೋ ಜಾಲತಾಣಗಳಲ್ಲಿ ಹರಿದಾಡಿತು, ಜನ ಮುಗಿಬಿದ್ದರು. ಆದರೆ ಆ ಫುಟ್‌ಪಾತ್ ಇರೋದು ಒಂದು ಹಲ್ಲಿನ ಕ್ಲಿನಿಕ್ ಮುಂದೆ. ರೋಗಿಗಳ ಪಾರ್ಕಿಂಗ್ ಜಾಗದಲ್ಲಿ ಪ್ರವಾಸಿಗರ ಕಾರುಗಳು, ಅಂಗಳದಲ್ಲಿ ಕಸ. ಕೆಲವರಂತೂ ಒಳ್ಳೆ ಫೋಟೋಕ್ಕಾಗಿ ಕ್ಲಿನಿಕ್ಕಿನ ಚಾವಣಿಯನ್ನೇ ಹತ್ತಿದರು. ವಾಹನ ಬರ್ತಿದ್ದರೂ ರಸ್ತೆಗೆ ನುಗ್ಗುವವರಿಗೆ ಲೆಕ್ಕವಿಲ್ಲ. ಊರಿನವರು ಬೋರ್ಡು ಹಾಕಿದರು, ಕಾವಲಿಗೆ ಜನರನ್ನು ನಿಲ್ಲಿಸಿದರು, ಕೇಳುವವರಿಲ್ಲ. ಕೊನೆಗೆ 2024ರ ಮೇ ತಿಂಗಳಲ್ಲಿ ಸುಮಾರು 20 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿ ಪರ್ವತವನ್ನೇ ಮರೆಮಾಡಿದರು. ಪ್ರವಾಸಿಗರು ಅದಕ್ಕೂ ತೂತು ಕೊರೆದು ಮೊಬೈಲ್ ಇಟ್ಟರು! ತಮ್ಮೂರಿನ ಪರ್ವತಕ್ಕೆ ತಾವೇ ಪರದೆ ಕಟ್ಟಬೇಕಾದರೆ ಆ ಜನ ಎಷ್ಟು ಬೇಸತ್ತಿರಬೇಕು, ಯೋಚಿಸಿ.

ಜಪಾನಿನದೇ ಕ್ಯೋಟೋ ನಗರದ ಗಿಯಾನ್ ಬಡಾವಣೆಯಲ್ಲಿ ಖಾಸಗಿ ಓಣಿಗಳಿಗೆ ಹೊರಗಿನವರು ನುಗ್ಗಿದರೆ 10,000 ಯೆನ್ ದಂಡ ಅಂತ ಬೋರ್ಡಿದೆ. ಪ್ರಾಗ್ ನಗರ, ರಾತ್ರಿ ಹತ್ತರ ಮೇಲೆ ಗೈಡ್ ಕರೆದುಕೊಂಡು ಪಬ್ಬಿಂದ ಪಬ್ಬಿಗೆ ಸುತ್ತಿಸುವ ಟೂರ್‌ಗಳನ್ನು ನಿಷೇಧಿಸಿತು. ಬೆಳಿಗ್ಗೆ ಕೆಲಸಕ್ಕೆ ಹೋಗೋರಿಗೆ ನಿದ್ದೆ ಬೇಕಲ್ಲ.

[ದೃಶ್ಯ: ವೆನಿಸ್, ಮುಚ್ಚಿದ ಕಿಟಕಿಗಳ ಸಾಲು]

ಗಲಾಟೆ, ಕಸ ಕಣ್ಣಿಗೆ ಕಾಣುತ್ತೆ. ಕಾಣದೇ ಇರೋದು ಮನೆಯ ವಿಚಾರ, ನನ್ನ ಮಟ್ಟಿಗೆ ಅದೇ ಹೆಚ್ಚು ಗಂಭೀರ. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯಲ್ಲಿ ಹೆಚ್ಚು ದುಡ್ಡು ಸಿಕ್ಕರೆ ಮಾಲೀಕರು ಮನೆಯನ್ನು ಪ್ರವಾಸಿಗರಿಗೇ ಕೊಡ್ತಾರೆ. ಬಾಡಿಗೆದಾರರು ಊರಾಚೆ ಹೋಗ್ತಾರೆ. ಮಕ್ಕಳಿಲ್ಲದೆ ಶಾಲೆ ಸೊರಗುತ್ತೆ, ದಿನಸಿ ಅಂಗಡಿ ಇದ್ದಲ್ಲಿ ಸ್ಮರಣಿಕೆ ಅಂಗಡಿ ಬರುತ್ತೆ. ಉಳಿದವರೂ ಒಂದು ಬಲ್ಬು, ಒಂದು ಮೊಳೆ ಬೇಕಂದ್ರೆ ದೂರ ಹೋಗಬೇಕು. ವೆನಿಸ್‌ನ ಹಳೇ ಪಟ್ಟಣದಲ್ಲಿ 1951ರಲ್ಲಿ ಸುಮಾರು 1,75,000 ಜನ ಇದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಪ್ರವಾಸೋದ್ಯಮ ಒಂದೇ ಕಾರಣವಲ್ಲ. ಪ್ರವಾಹ, ಕೆಲಸ, ಹಳೇ ಮನೆಗಳ ದುಬಾರಿ ರಿಪೇರಿ ಎಲ್ಲವೂ ಸೇರಿವೆ. ಆದರೆ ಬಿಟ್ಟುಹೋದವರ ಮನೆಗೆ ಹೊಸ ಸಂಸಾರ ಬರದಂತೆ ಮಾಡಿದ್ದರಲ್ಲಿ ಪ್ರವಾಸೋದ್ಯಮದ ಪಾಲು ದೊಡ್ಡದು.

ಪ್ರವಾಸಿಗರಿಂದಲೇ ಹೊಟ್ಟೆ ಹೊರೆಯುವವರು ಎಷ್ಟೋ ಜನ ಇದ್ದಾರೆ ಅನ್ನೋದೂ ನಿಜ. ಆದರೆ ಲಾಭ ಹೋಗೋದು ಕೆಲವರ ಕೈಗೆ, ನಿದ್ದೆಗೆಡೋದು ಇಡೀ ಬೀದಿ. ಪ್ರವಾಸಿಗರ ಬಗ್ಗೆ ಊರಿನವರ ಮನಸ್ಸು ಹೇಗೆ ಬದಲಾಗುತ್ತೆ ಅನ್ನೋದನ್ನು ಸಂಶೋಧಕ ಜಾರ್ಜ್ ಡಾಕ್ಸಿ 1975ರಲ್ಲೇ ಹಂತಗಳಾಗಿ ವಿವರಿಸಿದ್ದರು: ಮೊದಲು ಸಂಭ್ರಮ, ಆಮೇಲೆ ಉದಾಸೀನ, ನಂತರ ಕಿರಿಕಿರಿ, ಕೊನೆಗೆ ಹಗೆ. 2024ರ ಜುಲೈಯಲ್ಲಿ ಬಾರ್ಸಿಲೋನಾದ ಪ್ರತಿಭಟನಾಕಾರರು ಹೋಟೆಲಿನಲ್ಲಿ ಊಟ ಮಾಡ್ತಿದ್ದ ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲಿನಿಂದ ನೀರು ಎರಚಿದ್ದು ಆ ಕೊನೇ ಹಂತದ ಹತ್ತಿರದ್ದು. ಎರಚಿದ್ದು ಸರಿಯಲ್ಲ, ಆದರೆ ಆ ಸಿಟ್ಟು ಏಕಾಏಕಿ ಹುಟ್ಟಿದ್ದಲ್ಲ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ 10,101 ಮನೆಗಳ ಲೈಸೆನ್ಸನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗಾಣಿಸ್ತೀವಿ ಅಂತ ಅಲ್ಲಿನ ಮೇಯರ್ ಘೋಷಿಸಿದ್ದಾರೆ.

ಮುಂದಿನ ಸಲ ರೂಮ್ ಬುಕ್ ಮಾಡುವಾಗ, ಅದು ಜನ ವಾಸ ಇರುವ ಕಟ್ಟಡದ ಮನೆಯಾ, ಅದಕ್ಕೆ ಲೈಸೆನ್ಸ್ ಇದೆಯಾ ಅಂತ ನೋಡಿ. ತಲುಪೋದು ಮಧ್ಯರಾತ್ರಿಯಾದರೆ ಸೂಟ್‌ಕೇಸನ್ನು ಕಲ್ಲುಹಾಸಿನ ಮೇಲೆ ಗಡಗಡ ಎಳೆಯದೆ ಎತ್ತಿಕೊಂಡು ಹೋಗಿ. ಬಸ್ಸು ಹತ್ತುವ ಮುಂಚೆ, ಕ್ಯೂನಲ್ಲಿ ಕಾಯ್ತಿರುವ ಊರಿನವರು ಮೊದಲು ಹತ್ತಲಿ.